ಅಮ್ಮನನ್ನು ಕಾರಲ್ಲೇ ಕೂರಿಸಿ ಹೋಗಬೇಡಿ

ಪ್ರಶ್ನೆ: ಜುಲೈನಲ್ಲಿ ಅಮ್ಮ ಶಿವಮೊಗ್ಗದಿಂದ ನಮ್ಮಲ್ಲಿಗೆ ಬರುತ್ತಿದ್ದಾರೆ. ವಯಸ್ಸು 72, ಮಂಡಿನೋವು, ಬಿ.ಪಿ. ಬೇರೆ. ನಾಲ್ಕು ಹೆಜ್ಜೆ ನಡೆದರೆ ಕೂರಲೇಬೇಕು. ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್ ತೋರಿಸುವ ಆಸೆ ನನಗೆ. ಅವರು ಮಾತ್ರ “ನಾನು ಕಾರಲ್ಲೇ ಇರ್ತೀನಿ, ನೀವು ನೋಡ್ಕೊಂಡು ಬನ್ನಿ” ಅನ್ನುತ್ತಾರೆ.
– ಒಬ್ಬ ಓದುಗರು, ಡೆನ್ವರ್, ಅಮೆರಿಕ

ಉತ್ತರ: ದಯವಿಟ್ಟು ಆ ಮಾತಿಗೆ ಹೂಂ ಅನ್ನಬೇಡಿ. ಮಕ್ಕಳಿಗೆ ತೊಂದರೆ ಆಗಬಾರದು ಅಂತ ಹೇಳುವ ಮಾತದು. ನಮ್ಮತ್ತೆಯೂ ಹೋದಲ್ಲೆಲ್ಲ ಹೀಗೇ ಹೇಳುತ್ತಿದ್ದರು.

ಪಾರ್ಕಿನೊಳಗಿನ ಸ್ಪ್ರೇಗ್ ಲೇಕ್ ಎಂಬ ಕೆರೆಗೆ ಕರೆದುಕೊಂಡು ಹೋಗಿ. ಬೇರ್ ಲೇಕ್ ಹೆಸರು ದೊಡ್ಡದು, ಆದರೆ ಅಲ್ಲಿ ಏರಿಳಿತ ಜಾಸ್ತಿ. ಸ್ಪ್ರೇಗ್ ಸುತ್ತಲಿನ ದಾರಿ ಒಂದು ಮೈಲಿಯೂ ಇಲ್ಲ. ಸಮತಟ್ಟು, ಗಟ್ಟಿಯಾಗಿ ಕೂರಿಸಿದ ಜಲ್ಲಿ, ಜೌಗಿರುವ ಕಡೆ ಮರದ ಹಲಗೆ, ನಡುವೆ ಬೆಂಚು. ನೀರಿನಾಚೆ ಹ್ಯಾಲೆಟ್ ಪೀಕ್ ಬೆಟ್ಟ ಎದುರಿಗೇ ನಿಂತಿರುತ್ತದೆ.

ವೀಲ್‌ಚೇರ್ ಬಾಡಿಗೆಗೆ ತರುವಾಗ ಹಿಂದಿನ ಗಾಲಿ ದೊಡ್ಡದಿರುವುದನ್ನೇ ಕೇಳಿ. ಸಡಿಲ ಜಲ್ಲಿಯಲ್ಲಿ ಮುಂದಿನ ಪುಟ್ಟ ಗಾಲಿ ಹೂತುಕೊಂಡರೆ ಜೋರಾಗಿ ತಳ್ಳಬೇಡಿ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕುರ್ಚಿಯನ್ನು ತಿರುಗಿಸಿ, ಹಿಮ್ಮುಖವಾಗಿ ಎಳೆದುಕೊಂಡು ಹೋಗಿ. ದೊಡ್ಡ ಗಾಲಿ ಸಲೀಸಾಗಿ ದಾಟುತ್ತದೆ. ನಿಂತಾಗಲೆಲ್ಲ ಎರಡೂ ಬ್ರೇಕ್ ಹಾಕಿ.

ನಡೆಯುವುದಕ್ಕಿಂತ ನನಗೆ ಎತ್ತರದ್ದೇ ಚಿಂತೆ. ಪಾರ್ಕಿನ ಟ್ರೈಲ್ ರಿಡ್ಜ್ ರಸ್ತೆ 12,183 ಅಡಿಗೆ ಹತ್ತುತ್ತದೆ. ನಮ್ಮ ಮುಳ್ಳಯ್ಯನಗಿರಿ ತುದಿಯೇ ಸುಮಾರು 6,330 ಅಡಿ, ನೋಡಿ. ಟ್ರೈಲ್ ರಿಡ್ಜ್‌ನಷ್ಟು ಮೇಲೆ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಬಿ.ಪಿ. ಇರುವುದರಿಂದ ಊರು ಬಿಡುವ ಮೊದಲೇ ಡಾಕ್ಟರನ್ನು ಕೇಳಲಿ. ಬಂದ ಮೇಲೆ ಕೆಲವು ದಿನ ಡೆನ್ವರ್‌ನಲ್ಲಿ ಸುಧಾರಿಸಿಕೊಳ್ಳಲಿ. ಕೆರೆ ಒಂದು ದಿನ, ಮೇಲಿನ ರಸ್ತೆ ಇನ್ನೊಂದು ದಿನ. ಅವರನ್ನು ಮುಂದಿನ ಸೀಟಲ್ಲಿ ಕೂರಿಸಿ. ಆ ರಸ್ತೆಯಲ್ಲಿ ಮಾತ್ರ ಕಾರಲ್ಲೇ ಕೂತರೂ ಬೇಕಾದಷ್ಟು ಕಾಣುತ್ತದೆ. ತಲೆನೋವು, ವಾಕರಿಕೆ, ಏದುಸಿರು ಶುರುವಾದರೆ “ಇನ್ನೊಂದು ಸ್ವಲ್ಪ” ಅನ್ನದೆ ತಕ್ಷಣ ಕೆಳಗಿಳಿಯಿರಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಮಾಮೂಲು, ಬೆಳಿಗ್ಗೆಯೇ ಹೋಗಿಬನ್ನಿ.

ಜುಲೈ ನೂಕುನುಗ್ಗಲಿನ ಕಾಲ. ಪ್ರವೇಶದ ಸಮಯವನ್ನು ಮುಂಚೆಯೇ ಬುಕ್ ಮಾಡಿ. ಬೇರ್ ಲೇಕ್ ರಸ್ತೆ ಸೇರಿರುವ ಪರವಾನಗಿಯನ್ನೇ ತೆಗೆದುಕೊಳ್ಳಿ, ಸ್ಪ್ರೇಗ್ ಇರುವುದು ಆ ರಸ್ತೆಯಲ್ಲೇ.

ಇನ್ನೊಂದು ಮಾತು. ಟಾಯ್ಲೆಟ್ ಸಿಗುತ್ತೋ ಇಲ್ಲವೋ ಅಂತ ನಮ್ಮ ಅಮ್ಮಂದಿರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಅಲ್ವಾ? ಆ ಎತ್ತರದಲ್ಲಿ, ಆ ಒಣಗಾಳಿಯಲ್ಲಿ ಅದು ಅಪಾಯ. ಸ್ಪ್ರೇಗ್ ಲೇಕ್ ಪಾರ್ಕಿಂಗ್ ಹತ್ತಿರವೇ ವೀಲ್‌ಚೇರ್ ಹೋಗುವ ಟಾಯ್ಲೆಟ್ ಇದೆ. ಮನೆ ಬಿಡುವ ಮೊದಲೇ ಅವರಿಗೆ ಹೇಳಿಬಿಡಿ.