ಪಂಕ್ತಿ ತುಂಬಿದೆ

ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಅವರು ಬಂದಿದ್ದು ತಮಗಾಗಿ ಅಲ್ಲ. "ನಮ್ಮ ಟೀಮಿನ ಹುಡುಗನೊಬ್ಬ ಸೋಮವಾರ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಅತ್ತುಬಿಟ್ಟ ಮೇಡಂ. ಕ್ಯಾಮೆರಾ ಆಫ್ ಮಾಡೋದು ಮರೆತಿದ್ದ. ಅವನ ಹತ್ರ ಹೇಗೆ ಮಾತಾಡಬೇಕು, ಅಷ್ಟು ಹೇಳಿ ಸಾಕು" ಅಂದರು. ಆಗ ಡಿಸೆಂಬರ್ ಮೊದಲ ವಾರ. ಅರ್ಧ ಗಂಟೆ ಮಾತ್ರ ಇದೆ, ಆಮೇಲೆ ಕಾಲ್ ಇದೆ ಅಂತ ಮೊದಲೇ ಹೇಳಿ, ಫೋನನ್ನು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟುಕೊಂಡೇ ಕೂತರು.

ವಯಸ್ಸು ಮೂವತ್ತೈದು ದಾಟಿದೆ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್. ಕೈಕೆಳಗೆ ಒಂಬತ್ತು ಜನ. ಗಿರಾಕಿ ಅಮೆರಿಕದ ಪೂರ್ವ ಕರಾವಳಿಯವರು. ಇದನ್ನೆಲ್ಲ ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಲೀಡ್ ಅಂತಲೇ ಕರೆಯುತ್ತೇನೆ.

"ಹುಡುಗನ ವಿಷಯಕ್ಕೆ ಬರೋಣ. ನೀವು ನಿನ್ನೆ ಎಷ್ಟು ಹೊತ್ತಿಗೆ ಮಲಗಿದ್ರಿ?" ಅಂದೆ.

"ಮಲಗಿದ್ದಾ, ನಿದ್ದೆ ಬಂದಿದ್ದಾ?" ಅಂತ ವಾಪಸ್ ಕೇಳಿದರು.

ಅಲ್ಲಿಂದ ಮಾತು ಹುಡುಗನನ್ನು ಬಿಟ್ಟು ಅವರ ಕಡೆ ತಿರುಗಿತು. ಮಧ್ಯಾಹ್ನದ ಊಟದ ಡಬ್ಬಿ ವಾರಕ್ಕೆ ಮೂರು ದಿನ ಮುಚ್ಚಳ ತೆಗೆಯದೆ ಮನೆಗೆ ವಾಪಸ್ ಬರುತ್ತದೆ. ಭಾನುವಾರ ಸಂಜೆ ಐದಾಯಿತೆಂದರೆ ಎದೆಯಲ್ಲಿ ಏನೋ ಬಿಗಿಯುತ್ತದೆ. ಮಗಳು ಒತ್ತಕ್ಷರ ಹೇಳಿಕೊಡು ಅಂತ ಬಂದರೆ ಸುಮ್ನೆ ರೇಗುತ್ತಾರೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅಳುತ್ತಾರೆ. ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಂಗಿಯ ಮದುವೆ. ಮುಹೂರ್ತದ ಹೊತ್ತಿಗೆ ಇವರು ಛತ್ರದ ಉಗ್ರಾಣದಲ್ಲಿ, ಬಾಳೆಎಲೆ ಕಟ್ಟುಗಳ ಪಕ್ಕ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪ್ರೊಡಕ್ಷನ್‌ನಲ್ಲಿ, ಅಂದರೆ ಗಿರಾಕಿ ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ, ಏನೋ ಕೆಟ್ಟಿತ್ತು. ಊಟ ಮಾಡಿದ್ದು ಕೊನೆಯ ಪಂಕ್ತಿಯಲ್ಲಿ, ಅಡುಗೆ ಭಟ್ಟರ ಜೊತೆ. "ಪಾಯಸ ಖಾಲಿಯಾಗಿತ್ತು" ಅಂತ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಮೊದಲ ಭೇಟಿಯಲ್ಲಿ ಮಾಡಬೇಕಾದ ಕೆಲವನ್ನು ಸರಿಯಾಗಿಯೇ ಮಾಡಿದೆ. ಸಾಯಬೇಕು ಅನಿಸುತ್ತದೆಯೇ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಎದೆ ಬಿಗಿತ, ಸುಸ್ತು ಅಂದಿದ್ದಕ್ಕೆ ವೈದ್ಯರ ಹತ್ತಿರ ಕಳಿಸಿದೆ. ಹೃದಯ, ಥೈರಾಯ್ಡ್ ಎರಡೂ ಸರಿ ಇದ್ದವು. ಬಿ12 ಕಡಿಮೆ ಇತ್ತು, ಅದಕ್ಕೆ ಔಷಧಿ ಶುರುವಾಯಿತು. ಆದರೆ ಕೊನೆಗೆ ನಾನು ಕೊಟ್ಟಿದ್ದು ಎಲ್ಲರಿಗೂ ಕೊಡುವ ಚೀಟಿ: ರಾತ್ರಿ ಹತ್ತಕ್ಕೆ ಫೋನ್ ಬದಿಗಿಡಿ, ಬೆಳಿಗ್ಗೆ ಇಪ್ಪತ್ತು ನಿಮಿಷ ನಡೆಯಿರಿ, ಉಸಿರಾಟದ ಅಭ್ಯಾಸ ಮಾಡಿ. ಮೂರು ವಾರ ಬಿಟ್ಟು ಬಂದರು. ಮುಖ ಇನ್ನೂ ಬಾಡಿತ್ತು. "ನಿದ್ದೆ ಮಾಡೋದೂ ಒಂದು ಟಿಕೆಟ್ ಆಗಿಬಿಟ್ಟಿದೆ ಮೇಡಂ. ಅದೂ ಪೆಂಡಿಂಗ್" ಅಂದರು. ಟಿಕೆಟ್ ಅಂದರೆ ಅವರ ಕಡೆ ಪಟ್ಟಿಗೆ ಹಾಕಿದ ಒಂದು ಕೆಲಸ.

ಹತ್ತಕ್ಕೆ ಫೋನ್ ಬದಿಗಿಡಿ ಅಂದಿದ್ದೆನಲ್ಲ. ಅವರ ದಿನದ ಕಾಲ್ ಶುರುವಾಗುತ್ತಿದ್ದದ್ದೇ ರಾತ್ರಿ 9:30ಕ್ಕೆ! ಕೇಳಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಮೊದಲು ಅದು 8:30ಕ್ಕೆ ಇತ್ತಂತೆ. ಆ ಕಡೆಯವರಿಗೆ ಬೆಳಿಗ್ಗೆ 11. ನವೆಂಬರ್ ಬಂದಾಗ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅವರ 11 ಗಂಟೆ 11 ಆಗಿಯೇ ಉಳಿಯುತ್ತದೆ, ನಮ್ಮ 8:30 ಮಾತ್ರ 9:30 ಆಗುತ್ತದೆ. ಮಾರ್ಚ್‌ವರೆಗೂ ಹಾಗೆಯೇ. ಪ್ರತಿ ವರ್ಷ ಹೀಗಾಗುತ್ತದೆ. ಯಾರೂ ಯಾರನ್ನೂ ಕೇಳುವುದಿಲ್ಲ, ಕ್ಯಾಲೆಂಡರ್ ತಾನಾಗಿಯೇ ಸರಿಯುತ್ತದೆ.

ಬರ್ನೌಟ್ ಅನ್ನುವ ಪದ ಈಗ ಎಲ್ಲರ ಬಾಯಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲೂ ಇದೆ. 2019ರಲ್ಲಿ ಒಪ್ಪಿಗೆಯಾಗಿ 2022ರಲ್ಲಿ ಜಾರಿಗೆ ಬಂದ ಪಟ್ಟಿ ಅದು. ಆದರೆ ಅಲ್ಲಿ ಇದನ್ನು ಕಾಯಿಲೆ ಅಂತ ಸೇರಿಸಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಹಳ ದಿನ ಬಿಟ್ಟರೆ ಬರುವ ಸ್ಥಿತಿ ಅಂತ ಸೇರಿಸಿದ್ದಾರೆ. ಮೂರು ಲಕ್ಷಣ ಹೇಳುತ್ತಾರೆ. ಒಳಗಿನ ಶಕ್ತಿಯೆಲ್ಲ ಬಸಿದು ಹೋದಂತಾಗುವುದು, ಕೆಲಸದ ಬಗ್ಗೆ ಕಹಿ ಅಥವಾ ದೂರ ದೂರ ಅನಿಸುವುದು, ನನ್ನ ಕೈಲಿ ಏನೂ ಸರಿಯಾಗಿ ಆಗುತ್ತಿಲ್ಲ ಅನಿಸುವುದು. ಲೀಡ್‌ಗೆ ಮೂರೂ ಇದ್ದವು. ಅವು ಹುಟ್ಟಿದ್ದು ಕೆಲಸ ಹಂಚುವ ರೀತಿಯಲ್ಲಿ, ನಾನು ಔಷಧ ಹುಡುಕುತ್ತಿದ್ದದ್ದು ಅವರ ಉಸಿರಾಟದಲ್ಲಿ. ನಾವು ಆಪ್ತಸಲಹೆಗಾರರು ಈ ತಪ್ಪನ್ನು ಜಾಸ್ತಿ ಮಾಡುತ್ತೇವೆ ಅಂತ ನನ್ನ ಅನಿಸಿಕೆ. ನಮ್ಮ ಕೋಣೆಯಲ್ಲಿ ಕಾಣುವುದು ಒಬ್ಬ ಮನುಷ್ಯ ಮಾತ್ರ, ಅಲ್ವಾ?

ಹಾಗಾಗಿ ಎರಡನೇ ಭೇಟಿಯಲ್ಲಿ ಒಂದು ದೊಡ್ಡ ಹಾಳೆ ಕೊಟ್ಟೆ. ಲ್ಯಾಪ್‌ಟಾಪ್ ತೆಗೆಯದೆ, ಈ ವಾರ ಯಾರ ಕೈಲಿ ಏನೇನಿದೆ ಬರೆಯಿರಿ ಅಂದೆ. "ಜೀರಾದಲ್ಲಿ ಎಲ್ಲ ಇದೆ" ಅಂದರು. ಯಾರಿಗೆ ಯಾವ ಕೆಲಸ ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ಅದು. ಜೀರಾದಲ್ಲಿ ಇಲ್ಲದ್ದನ್ನೂ ಬರೆಯಿರಿ ಅಂದೆ. ನಲವತ್ತು ನಿಮಿಷ ಹಿಡಿಯಿತು. ಫೋನ್ ಎರಡು ಸಲ ಹೊಡೆದುಕೊಂಡಿತು, ಎತ್ತಲಿಲ್ಲ.

ಜೀರಾ ಪ್ರಕಾರ ಒಂಬತ್ತೂ ಜನರಿಗೆ ಎಂಟೆಂಟು ಪಾಯಿಂಟ್ ಕೆಲಸ. ಸಮಪಾಲು. ಹಾಳೆಯ ಮೇಲೆ ಕಂಡದ್ದು ಬೇರೆ. ಹೆಚ್ಚಿನವರ ಹೆಸರಿನ ಮುಂದೆ ಮೂರೋ ನಾಲ್ಕೋ ಸಾಲು. ಮೀಟಿಂಗಿನಲ್ಲಿ ಅತ್ತಿದ್ದ ಹುಡುಗನ ಹೆಸರಿನ ಮುಂದೆ ಹನ್ನೊಂದು. ಎರಡು ಹೊಸ ಫೀಚರ್ ಅವನದು. ಪೇಮೆಂಟ್ ಮಾಡ್ಯೂಲ್ ಪೂರ್ತಿ ಗೊತ್ತಿರುವವನು ಅವನೊಬ್ಬನೇ. ಇಬ್ಬರು ಫ್ರೆಷರ್‌ಗಳು ಏನೇ ಕೇಳಬೇಕಾದರೂ ಅವನನ್ನೇ ಕೇಳುತ್ತಾರೆ. ಮೂವರ ಕೋಡ್ ರಿವ್ಯೂ ಅವನದೇ. ಹೊಸ ಆವೃತ್ತಿ ಬಿಡುವ ರಿಲೀಸ್ ರಾತ್ರಿ ಅಂದರೆ ಅವನು ಇರಲೇಬೇಕು. ಬುಧವಾರ ಇಂಟರ್ವ್ಯೂ ಪ್ಯಾನೆಲ್. ಇದರಲ್ಲಿ ಅರ್ಧಕ್ಕರ್ಧ ಯಾವ ಟಿಕೆಟ್ಟಿನಲ್ಲೂ ಇಲ್ಲ.

"ಚೆನ್ನಾಗಿ ಮಾಡ್ತಾನೆ, ಅದಕ್ಕೆ ಅವನಿಗೇ ಕೊಟ್ಟೆ" ಅಂದರು. ಸ್ವಲ್ಪ ಹೊತ್ತು ಹಾಳೆ ನೋಡುತ್ತಿದ್ದು, "ಅವನು ಇಲ್ಲ ಅಂದಿದ್ದೇ ಇಲ್ಲ" ಅಂತ ಸೇರಿಸಿದರು.

ಅವರದೇ ಪಟ್ಟಿ ಬರೆದಾಗ ಹತ್ತೊಂಬತ್ತು ಸಾಲಾಯಿತು. ಯಾರಿಗಾದರೂ ಜಾಸ್ತಿಯಾದರೆ ಇವರು ತಮ್ಮ ತಲೆಗೆ ಎಳೆದುಕೊಳ್ಳುತ್ತಿದ್ದರು. ಟೀಮನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದರು. ಆದರೆ ಇದರಿಂದ ಮೇಲಿನ ಮ್ಯಾನೇಜರ್‌ಗೆ ಕಾಣುತ್ತಿದ್ದದ್ದು ಒಂದೇ: ಎಷ್ಟು ಹಾಕಿದರೂ ಈ ಟೀಮು ಹೊರುತ್ತದೆ. ವಾರದ ಗಂಟೆ ಲೆಕ್ಕ ಹಾಕಿಸಿದೆ. 61. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿವೆ. ಹೆದರಿಸುವುದು ನನ್ನ ಪದ್ಧತಿಯಲ್ಲ. ಆದರೂ ಇದನ್ನು ಹೇಳಿದೆ, ಯಾಕೆಂದರೆ ಅವರು ತಮ್ಮ ಸುಸ್ತನ್ನು ಸೋಮಾರಿತನ ಅಂದುಕೊಂಡಿದ್ದರು.

ಆಮೇಲೆ ಒಂದು ಪ್ರಶ್ನೆ ಕೇಳಿದೆ. "ನಿಮ್ಮ ಸರ್ವರ್ ಎಷ್ಟು ತುಂಬಿದರೆ ಅಲಾರಂ ಬರುತ್ತೆ?"

"80 ಪರ್ಸೆಂಟ್‌ಗೆ ಇಟ್ಟಿದೀವಿ."

"ಯಾಕೆ, 100ಕ್ಕೆ ಇಡಬಹುದಲ್ಲ?"

"ಅಷ್ಟೊತ್ತಿಗೆ ಎಲ್ಲ ಸ್ಲೋ ಆಗಿ ಕೂತಿರುತ್ತೆ ಮೇಡಂ. ಒಂದು ಸ್ಪೈಕ್ ಬಂದ್ರೆ..." ಅಂತ ಶುರು ಮಾಡಿ ಅಲ್ಲೇ ನಿಲ್ಲಿಸಿದರು.

ಕ್ಯೂಗಳ ಗಣಿತ ಓದಿದವರಿಗೆ ಇದು ಹಳೆಯ ಲೆಕ್ಕ. ಸರಳವಾದ ಒಂದು ಸಾಲು, ಒಬ್ಬನೇ ಕೆಲಸಗಾರ, ಕೆಲಸಗಳು ಹೇಗೆಂದರೆ ಹಾಗೆ ಬರುತ್ತವೆ ಅಂತಿಟ್ಟುಕೊಳ್ಳಿ. ಅವನ ಸಮಯ ಶೇ. 80 ತುಂಬಿದ್ದರೆ, ಹೊಸ ಕೆಲಸ ಸರಾಸರಿ ನಾಲ್ಕು ಕೆಲಸದಷ್ಟು ಹೊತ್ತು ಕಾಯಬೇಕು. ಶೇ. 90 ತುಂಬಿದರೆ ಒಂಬತ್ತರಷ್ಟು. 95ಕ್ಕೆ ಹೋದರೆ ಹತ್ತೊಂಬತ್ತರಷ್ಟು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೀಡ್ ಎಲ್ಲರನ್ನೂ ನೂರಕ್ಕೆ ನೂರು ತುಂಬಿಸಿ ಪ್ಲಾನ್ ಮಾಡುತ್ತಿದ್ದರು. ಪ್ರೊಡಕ್ಷನ್ ತೊಂದರೆ, ಜ್ವರ, ಮೀಟಿಂಗು, ಗಿರಾಕಿಯ ದಿಢೀರ್ ಬೇಡಿಕೆ ಇವೆಲ್ಲ ಎಲ್ಲಿ ಹಿಡಿಸಬೇಕು? ರಾತ್ರಿಯಲ್ಲಿ ಹಿಡಿಸುತ್ತಿದ್ದವು.

ನಾನು ಕೊಟ್ಟ ಮೊದಲ ಸಲಹೆ, ವಾರದ ನಾಲ್ಕು ದಿನಕ್ಕೆ ಆಗುವಷ್ಟು ಕೆಲಸವನ್ನು ಮಾತ್ರ ಪ್ಲಾನಿಗೆ ಹಾಕಿ ಅಂತ. ಐದನೆಯ ದಿನ ತಾನಾಗಿಯೇ ತುಂಬಿಕೊಳ್ಳುತ್ತದೆ. ಎರಡನೆಯದು, ಒಬ್ಬರ ಕೈಲಿ ಒಂದು ಹೊತ್ತಿಗೆ ಎರಡಕ್ಕಿಂತ ಜಾಸ್ತಿ ಕೆಲಸ ಬಿಚ್ಚಿಡಬೇಡಿ. ಒಂದು ಮುಗಿದ ಮೇಲೆಯೇ ಮುಂದಿನದು. ಇದನ್ನು ಕೇಳಿ ಅವರು ಮೊದಲ ಸಲ ನಿಜವಾಗಿ ನಕ್ಕರು. "ಪಂಕ್ತಿ ಥರ!" ಅಂದರು. ಛತ್ರದಲ್ಲಿ ನೂರು ಎಲೆ ಹಾಕುವ ಜಾಗ ಇದ್ದರೆ ನೂರೇ ಎಲೆ. ಮಿಕ್ಕವರು ಎಷ್ಟೇ ದೊಡ್ಡವರಾದರೂ ಬಾಗಿಲಲ್ಲಿ ನಿಂತು ಕಾಯುತ್ತಾರೆ. ಕೂತವರ ಎಲೆಯ ಮೇಲೆ ಇನ್ನೊಂದು ಎಲೆ ಯಾರೂ ಹಾಕುವುದಿಲ್ಲ. ನಾನು ಹತ್ತಾರು ಜನರಿಗೆ ಈ ಸಲಹೆ ಕೊಟ್ಟಿದ್ದೇನೆ, ಇಷ್ಟು ಚೆನ್ನಾಗಿ ನನಗೆ ಹೊಳೆದಿರಲಿಲ್ಲ. ಅವರ ಟೀಮಿನಲ್ಲಿ ಈಗ "ಪಂಕ್ತಿ ತುಂಬಿದೆ" ಅನ್ನುವುದು ರೂಢಿಯ ಮಾತಾಗಿದೆಯಂತೆ. ಕನ್ನಡ ಬಾರದ ಇಬ್ಬರೂ ಹಾಗೇ ಅನ್ನುತ್ತಾರಂತೆ.

ಹುಡುಗನ ವಿಷಯ. ಅವನಿಗೆ ಬುದ್ಧಿ ಹೇಳಬೇಡಿ ಅಂದೆ. "ಸ್ಟ್ರಾಂಗ್ ಆಗಿರು" ಅಂತೂ ಬೇಡವೇ ಬೇಡ. ಎರಡು ದಿನ ರಜೆ ಹಾಕು ಅನ್ನುವುದೂ ಸಾಲದು. ಹನ್ನೊಂದು ಕೆಲಸ ಅಲ್ಲೇ ಕೂತಿದ್ದರೆ ಅವನು ರಜೆಯಲ್ಲೂ ಅದನ್ನೇ ನೆನೆಯುತ್ತಾನೆ, ವಾಪಸ್ ಬಂದಾಗ ಹದಿನೈದಾಗಿರುತ್ತವೆ. ಮೊದಲು ಕೆಲಸ ಇಳಿಸಿ, ಆಮೇಲೆ ಕರೆದು ಹೇಳಿ: "ರಿವ್ಯೂ, ಇಂಟರ್ವ್ಯೂ, ಫ್ರೆಷರ್‌ಗಳ ಪ್ರಶ್ನೆ, ಈ ಮೂರು ಇವತ್ತಿಂದ ನಿನ್ನದಲ್ಲ. ನಿನ್ನ ತಪ್ಪಲ್ಲ, ಹಂಚಿದ್ದು ನಾನು, ತಪ್ಪಾಗಿ ಹಂಚಿದೆ." ಅತ್ತದ್ದರ ಬಗ್ಗೆ ಅವನಾಗಿ ಎತ್ತಿದರೆ ಮಾತ್ರ ಮಾತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವನೊಬ್ಬನಿಗೇ ಅಲ್ಲ, ಇಡೀ ಟೀಮಿಗೆ ಕಳಿಸಿ ಅಂದೆ. ಹಗಲೂ ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಒಬ್ಬನಿಗೇ ಕಳಿಸಿದರೆ ಹಣೆಗೆ ಚೀಟಿ ಅಂಟಿಸಿದ ಹಾಗಾಗುತ್ತದೆ.

ರಿಲೀಸ್ ರಾತ್ರಿಗೆ ಪಾಳಿ ಪಟ್ಟಿ ಮಾಡಿ, ರಾತ್ರಿ ಕೂತವರಿಗೆ ಮರುದಿನ ಮಧ್ಯಾಹ್ನದವರೆಗೆ ಬಿಡುವು ಕೊಡಿ, ಅದನ್ನು ಅವರ ರಜೆಯಲ್ಲಿ ಮುರಿದುಕೊಳ್ಳಬೇಡಿ ಅಂದೆ. ಪೇಮೆಂಟ್ ಮಾಡ್ಯೂಲನ್ನು ಇನ್ನೊಬ್ಬರಿಗೆ ಕಲಿಸಿ, ಕಲಿಸುವ ಗಂಟೆಗಳನ್ನೂ ಪ್ಲಾನಿಗೆ ಹಾಕಿ ಅಂದೆ.

ಕಷ್ಟವಾದದ್ದು ಮ್ಯಾನೇಜರ್ ಹತ್ತಿರ ಮಾತಾಡುವುದು. ಅದಕ್ಕೇ ಒಂದಿಡೀ ಭೇಟಿ ಹಿಡಿಯಿತು. ನಾನು ಮ್ಯಾನೇಜರ್ ಆದೆ. ಈ ಪಾತ್ರ ನನಗೆ ಚೆನ್ನಾಗಿ ಒಗ್ಗುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ. "ಇದೊಂದು ಚಿಕ್ಕ ಚೇಂಜ್, ಈ ವಾರ ಸೇರಿಸಿಬಿಡಿ" ಅಂದೆ. ಅವರು ಮೂರು ಸಲವೂ "ಸಾರಿ" ಅಂತಲೇ ಶುರು ಮಾಡಿದರು, ಮೂರು ಸಲವೂ "ಟ್ರೈ ಮಾಡ್ತೀವಿ" ಅಂತ ಮುಗಿಸಿದರು. ನಾಲ್ಕನೆಯ ಸಲ ನಾವು ಕೂತು ಬರೆದಿದ್ದ ಮಾತು ಬಂತು: "ಖಂಡಿತ ಸೇರಿಸೋಣ. ಈ ಪಟ್ಟಿಯಲ್ಲಿ ಯಾವುದನ್ನ ಮುಂದಕ್ಕೆ ಹಾಕೋಣ ಹೇಳಿ." ಆಗಲ್ಲ ಅನ್ನುವುದಕ್ಕಿಂತ ಇದು ಸುಲಭ. ಆಯ್ಕೆ ಮಾಡುವ ತಲೆನೋವು ಅದು ಇರಬೇಕಾದ ತಲೆಗೆ ಹೋಗುತ್ತದೆ. ಜೊತೆಗೆ ಹಾಳೆಯನ್ನೂ ಒಯ್ಯಿರಿ ಅಂದೆ. ಸುಸ್ತಾಗಿದೆ ಅಂದರೆ ಧೈರ್ಯ ಹೇಳಿ ಕಳಿಸುತ್ತಾರೆ. ಹನ್ನೊಂದು, ಹತ್ತೊಂಬತ್ತು ಅಂದರೆ ಕೂತು ನೋಡುತ್ತಾರೆ.

ನೋಡಿದರು. ಪಾಳಿ ಪಟ್ಟಿಗೆ ಒಪ್ಪಿದರು. ಒಂದು ಫೀಚರ್ ಮುಂದಿನ ರಿಲೀಸಿಗೆ ಹೋಯಿತು. ಕೊನೆಯ ತಾರೀಕನ್ನು ಮಾತ್ರ ಒಂದು ದಿನವೂ ಸಡಿಲಿಸಲಿಲ್ಲ, ಬದಲಿಗೆ ಇಬ್ಬರು ಹೊಸಬರನ್ನು ಕೊಟ್ಟರು. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಸಾಫ್ಟ್‌ವೇರ್ ಪರಿಣತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದರು. ಇಲ್ಲೂ ಹಾಗೇ ಆಯಿತು. ಹೊಸಬರಿಗೆ ಕಲಿಸುವುದರಲ್ಲೇ ತಿಂಗಳು ಹೋಯಿತು. ಆ ತಿಂಗಳು ಲೀಡ್ ಮತ್ತೆ ಹತ್ತೊಂಬತ್ತಕ್ಕೆ ಹೋಗಿ ಬಂದರು. ನನ್ನ ಮುಂದೆ ಕೂತು, "ಹಾಳೆ ಬರೆಯೋಕೂ ಟೈಮ್ ಇರಲಿಲ್ಲ" ಅಂದರು. ಬೈಯಲಿಲ್ಲ. ಮತ್ತೆ ಹಾಳೆ ಕೊಟ್ಟೆ.

ಹುಡುಗ ಜೂನ್‌ನಲ್ಲಿ ಕೆಲಸ ಬಿಟ್ಟ. ಲೀಡ್‌ಗೆ ಅದು ದೊಡ್ಡ ಪೆಟ್ಟು. "ಇಷ್ಟೆಲ್ಲ ಮಾಡಿದ್ದು ಯಾಕೆ ಹಾಗಾದ್ರೆ?" ಅಂತ ಕೇಳಿದರು. ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅಷ್ಟು ಹೊತ್ತಿಗೆ ಪೇಮೆಂಟ್ ಮಾಡ್ಯೂಲ್ ಇನ್ನಿಬ್ಬರಿಗೆ ಗೊತ್ತಿತ್ತು. ಕೊನೆಯ ದಿನ ಅವನು ಸಂಜೆ ಆರಕ್ಕೆ ಮನೆಗೆ ಹೋದ. ಹೋಗುವ ಮೊದಲು ಅವರ ಸೀಟಿನ ಹತ್ತಿರ ಬಂದು, ಡಿಸೆಂಬರ್‌ನಲ್ಲೇ ರಾಜೀನಾಮೆ ಟೈಪ್ ಮಾಡಿ ಇಟ್ಟಿದ್ದೆ ಅಂತ ಹೇಳಿದನಂತೆ.

ಲೀಡ್ ಈಗ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ವಾರಕ್ಕೆ 48 ಗಂಟೆ ಆಗಿದೆ. ರಿಲೀಸ್ ಇರುವ ವಾರ ಜಾಸ್ತಿ. ಕಳೆದ ನವೆಂಬರ್‌ನಲ್ಲಿ ಅಮೆರಿಕದವರು ಗಡಿಯಾರ ತಿರುಗಿಸಿದ ಮರುದಿನ ನನಗೊಂದು ಮೆಸೇಜ್ ಕಳಿಸಿದ್ದರು. ಕಾಲ್ ಈ ಸಲ 9:30ಕ್ಕೆ ಹೋಗಲಿಲ್ಲ, ನಮಗೆ 8:30ಕ್ಕೇ ಇರಲಿ, ನೀವು ಬೆಳಿಗ್ಗೆ 10ಕ್ಕೆ ಬನ್ನಿ ಅಂತ ಅಕ್ಟೋಬರ್‌ನಲ್ಲೇ ಕೇಳಿದೆ, ಆ ಕಡೆಯಿಂದ "ಶ್ಯೂರ್" ಅಂತ ಒಂದೇ ಪದದ ಉತ್ತರ ಬಂತು ಅಂತ. ಕೆಳಗೆ ಇನ್ನೊಂದು ಸಾಲು: "ಆರು ವರ್ಷದಿಂದ ಯಾರೂ ಕೇಳಿರಲಿಲ್ಲ ಮೇಡಂ."

ಊಟದ ಡಬ್ಬಿ ಈಗಲೂ ವಾರಕ್ಕೊಂದು ದಿನ ಹಾಗೇ ವಾಪಸ್ ಬರುತ್ತದಂತೆ.