ಬಂದಳಿಕೆ ಕಷಾಯ ಎಷ್ಟು ಕುಡಿಸಬೇಕು ಅನ್ನುವ ಮೊದಲು, ಅದು ಯಾವ ಮರದ್ದು?

ಅಪ್ಪನಿಗೆ ಮಂಡಿನೋವು, ತೋಟದಂಚಿನ ಮರಗಳಲ್ಲಿ ಬಂದಳಿಕೆ (ಮರದ ಕೊಂಬೆಗೆ ಅಂಟಿ ಬೆಳೆಯುವ ಪರಾವಲಂಬಿ ಗಿಡ) ಬೇಕಾದಷ್ಟಿದೆ, ದಿನಕ್ಕೆ ಎಷ್ಟು ಕಷಾಯ ಕುಡಿಸಬಹುದು ಅಂತ ಕೇಳಿದ್ದೀರಿ. ಪರಾವಲಂಬಿ ಗಿಡವನ್ನು ಮನೆಯೊಳಗೆ ತರಬಾರದಂತೆ, ನಿಜವಾ ಅಂತಲೂ ಕೇಳಿದ್ದೀರಿ. ಮೊದಲ ಪ್ರಶ್ನೆಯನ್ನು ನಾನೂ ಒಬ್ಬರಲ್ಲಿ ಕೇಳಿದ್ದೆ. ಸರಿಯಾದ ಉತ್ತರವೇ ಸಿಕ್ಕಿತ್ತು. ಆದರೂ ನಮ್ಮ ಅಪ್ಪಯ್ಯ ಆಸ್ಪತ್ರೆ ಸೇರಿದರು. ಅಳತೆಯ ಮಾತು ಸದ್ಯಕ್ಕೆ ಬಿಡಿ, ಇದನ್ನು ಪೂರ್ತಿ ಓದಿ.

ನಮ್ಮದು ಸಾಗರದ ಕಡೆಯ ಊರು. ಮನೆ, ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಅಪ್ಪಯ್ಯನಿಗೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಆದರೂ ದಿನಾ ತೋಟಕ್ಕೆ ಇಳಿಯುತ್ತಿದ್ದರು. ಇಂಗ್ಲಿಷ್ ಮಾತ್ರೆ ತಿಂದರೆ ಹೊಟ್ಟೆ ಉರಿ ಅಂತ ನಿಲ್ಲಿಸಿಬಿಟ್ಟಿದ್ದರು. ನಮ್ಮೂರಲ್ಲಿ ಹಳ್ಳಿ ಮದ್ದು ಕೊಡುವ ಅಜ್ಜ ಒಬ್ಬರಿದ್ದರು. ಅವರ ಹತ್ತಿರ ಹೋದೆ. "ಮಾವಿನ ಮರದ ಬಂದಳಿಕೆ ತಗೊಂಡು ಬಾ, ಮುಂದಿನದ್ದು ನಾನು ಹೇಳ್ತೇನೆ" ಅಂದರು. ಮರದ ಹೆಸರು ಹೇಳಿಯೇ ಹೇಳಿದ್ದರು. ನನ್ನ ತಲೆಯಲ್ಲಿ ಉಳಿದದ್ದು ಬಂದಳಿಕೆ ಮಾತ್ರ.

ಮನೆಯ ಹತ್ತಿರದ ಮಾವಿನ ಮರದಲ್ಲಿ ಬಂದಳಿಕೆ ಇತ್ತು. ಆದರೆ ಎಲ್ಲವೂ ತುದಿ ಕೊಂಬೆಯಲ್ಲಿ. ದೋಟಿ ಎಟುಕುತ್ತಿರಲಿಲ್ಲ. ಬೆಟ್ಟದ ಅಂಚಿನಲ್ಲಿ ಎಲೆಯೆಲ್ಲ ಉದುರಿ ಬೋಳಾಗಿದ್ದ ಒಂದು ಮರ ಕಂಡಿತು. ಅದರ ಕೆಳಗಿನ ಕೊಂಬೆಯಲ್ಲೇ ದಟ್ಟ ಹಸಿರು ಗೊಂಚಲು. ಹತ್ತಿರ ಹೋಗಿ ನೋಡಿದೆ. ಮಾವಿನ ಮರದಲ್ಲಿ ಕಂಡ ಅದೇ ದಪ್ಪ ಎಲೆ, ಅದೇ ಕಿತ್ತಳೆ ಬಣ್ಣದ ಕೊಳವೆ ಹೂವು. ಎಲೆ ಅದೇ, ಹೂವು ಅದೇ, ಅಂದಮೇಲೆ ಗಿಡ ಅದೇ, ಮದ್ದೂ ಅದೇ ಅಂದುಕೊಂಡೆ. ಕೈಚೀಲ ತುಂಬಿಸಿಕೊಂಡು ಬಂದೆ.

ನನ್ನ ತಪ್ಪು ಎಲ್ಲಿತ್ತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಹೆಚ್ಚಿನವರು ಇದನ್ನು ಬೇರೆ ಥರ ಅರ್ಥ ಮಾಡಿಕೊಳ್ಳುತ್ತಾರೆ. "ಅಯ್ಯೋ, ಬೇರೆ ಗಿಡ ಕಿತ್ತಿದ್ದೀಯಾ" ಅನ್ನುತ್ತಾರೆ. ಗಿಡ ಸರಿಯಾಗಿಯೇ ಇತ್ತು. ನಾನು ಕಿತ್ತದ್ದು ಬಂದಳಿಕೆಯನ್ನೇ. ಯಾವ ಸಸ್ಯಶಾಸ್ತ್ರಜ್ಞರಿಗೆ ತೋರಿಸಿದ್ದರೂ ಅದೇ ಜಾತಿ ಅನ್ನುತ್ತಿದ್ದರು. ತಪ್ಪಿದ್ದು ಅದರ ಕೆಳಗಿನ ಮರ. ಬಂದಳಿಕೆಗೆ ನೆಲದಲ್ಲಿ ಬೇರಿಲ್ಲ. ಅದರ ಬೇರಿನಂಥ ಭಾಗ ಮರದ ತೊಗಟೆ ಸೀಳಿ ಒಳಗೆ ಇಳಿದು, ನೀರು ಏರುವ ನಾಳಕ್ಕೇ ಬಾಯಿ ಹಾಕುತ್ತದೆ. ಎಲೆ ಹಸಿರಾಗಿರುವುದರಿಂದ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ನೀರು, ಲವಣ ಮಾತ್ರ ಮರದ್ದು. ಆ ನೀರಿನ ಜೊತೆ ಮರದೊಳಗೆ ಇರುವುದೂ ಬರುತ್ತದೆ, ತಾಯಿ ತಿಂದದ್ದು ಹಾಲಿನಲ್ಲಿ ಮಗುವಿಗೆ ಹೋಗುವ ಹಾಗೆ. ನಾನು ಕೊಯ್ದ ಬೋಳು ಮರ ಕಾಸರಕ.

ಕಾಸರಕ ಅಂದರೆ ಗೊತ್ತಲ್ವಾ? ಅದರ ಬೀಜ, ತೊಗಟೆ, ಎಲೆ ಎಲ್ಲದರಲ್ಲೂ ಸ್ಟ್ರಿಕ್ನೀನ್, ಬ್ರೂಸಿನ್ ಅನ್ನುವ ವಿಷಗಳಿವೆ. ಎಲೆ ಇದ್ದಿದ್ದರೆ ನಾನೂ ಗುರುತಿಸುತ್ತಿದ್ದೆ. ಹೊಳೆಯುವ ಎಲೆ, ಬುಡದಿಂದಲೇ ಕವಲೊಡೆಯುವ ನರಗಳು, ಕಿತ್ತಳೆ ಬಣ್ಣದ ಗುಂಡು ಹಣ್ಣು. ಆದರೆ ಅದು ಎಲೆ ಉದುರುವ ಕಾಲ. ಮರ ಬೋಳಾದಾಗಲೇ ಬಂದಳಿಕೆ ಚೆನ್ನಾಗಿ ಕಾಣುವುದು. ಅಂದರೆ ಬಂದಳಿಕೆ ಸುಲಭವಾಗಿ ಕಣ್ಣಿಗೆ ಬೀಳುವ ಹೊತ್ತಿನಲ್ಲೇ ಮರದ ಗುರುತು ಹತ್ತುವುದು ಕಷ್ಟ. ಕೆಳಗೆ ಬಿದ್ದಿದ್ದ ಹಣ್ಣಿನ ಸಿಪ್ಪೆ ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಮುಚ್ಚಿಹೋಗಿತ್ತು. ನಾನು ಕೆಳಗೆ ನೋಡಲೂ ಇಲ್ಲ.

ಅಜ್ಜನಿಗೆ ತೋರಿಸಿದ್ದರೂ ಬಚಾವಾಗುತ್ತಿದ್ದೆವು. ಆದರೆ ಅವತ್ತು ಅವರು ಮಗಳ ಮನೆಗೆ ಹೋಗಿದ್ದರು. ಅಮ್ಮ ಸುಮ್ನೆ ಬೇರೆ ಕಷಾಯಗಳ ಲೆಕ್ಕದಲ್ಲೇ ಎಲೆ ಜಜ್ಜಿ ಕುದಿಸಿದರು. ಅಪ್ಪಯ್ಯ ಒಂದು ಗುಟುಕು ಕುಡಿದು ಮುಖ ಕಿವುಚಿ "ವಿಪರೀತ ಕಹಿ" ಅಂದರು. ಕಷಾಯ ಅಂದಮೇಲೆ ಕಹಿಯೇ ಅಂತ ನಾನೇ ಬೆಲ್ಲ ಹಾಕಿಕೊಟ್ಟೆ. ಆಮೇಲೆ ಅಜ್ಜ ಹೇಳಿದರು, ಮಾವಿನ ಬಂದಳಿಕೆ ಒಗರು, ಅಷ್ಟೊಂದು ಕಹಿ ಇರುವುದೇ ಇಲ್ಲ ಅಂತ. ನಾಲಿಗೆ ಎಚ್ಚರಿಕೆ ಕೊಟ್ಟಿತ್ತು. ಅದರ ಬಾಯಿಯನ್ನು ನಾನು ಬೆಲ್ಲದಿಂದ ಮುಚ್ಚಿದೆ.

ಒಂದು ಗಂಟೆಯೊಳಗೆ ಅಪ್ಪಯ್ಯನ ದವಡೆ ಬಿಗಿಯಿತು. ಆಮೇಲೆ ಕುತ್ತಿಗೆ. ಯಾರೋ ಬಾಗಿಲು ಜೋರಾಗಿ ಹಾಕಿದರು, ಆ ಸದ್ದಿಗೇ ಮೈಯೆಲ್ಲ ಸೆಟೆದು ಬೆನ್ನು ಬಿಲ್ಲಿನಂತೆ ಬಾಗಿತು. ಇಷ್ಟಾದರೂ ಅವರಿಗೆ ಪೂರ್ತಿ ಎಚ್ಚರವಿತ್ತು. ನಮ್ಮನ್ನೇ ನೋಡುತ್ತಿದ್ದರು. ಸ್ಟ್ರಿಕ್ನೀನ್ ಹೀಗೇ ಮಾಡುತ್ತದೆ. ಸ್ನಾಯುಗಳ ಕಡಿವಾಣ ತಪ್ಪಿಸುತ್ತದೆ, ಸದ್ದು, ಬೆಳಕು, ಮುಟ್ಟುವುದು ಯಾವುದೇ ಆದರೂ ಸೆಳೆತ ಬರುತ್ತದೆ, ಪ್ರಜ್ಞೆ ಮಾತ್ರ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದು "ಗಾಯ ಏನಾದರೂ ಆಗಿತ್ತಾ?" ಅಂತ. ನೋಡಿದರೆ ಥೇಟ್ ಧನುರ್ವಾಯು. ಏನು ಕುಡಿಸಿದಿರಿ ಅಂದರು. ಬಂದಳಿಕೆ ಅಂದೆವು. ಆ ಉತ್ತರದಿಂದ ಅವರಿಗೆ ಏನೂ ಉಪಯೋಗ ಆಗಲಿಲ್ಲ. ಸೆಳೆತಕ್ಕೆ ಇಂಜೆಕ್ಷನ್ ಕೊಟ್ಟು, ಕತ್ತಲೆ ಕೋಣೆಯಲ್ಲಿ ಸದ್ದಿಲ್ಲದೆ ಮಲಗಿಸಿದರು. ಆದರೆ ಕಾರಣ ಗೊತ್ತಾಗದೆ ಒದ್ದಾಡುತ್ತಿದ್ದರು. ಕೊನೆಗೆ ಒಬ್ಬ ನರ್ಸಮ್ಮ ಕೇಳಿದರು, "ಯಾವ ಮರದ ಬಂದಳಿಕೆ?" ಅವರೂ ಮಲೆನಾಡಿನವರೇ. ನಾನು ಬಾಯಿ ಬಿಡಲಿಲ್ಲ, ಗೊತ್ತೇ ಇರಲಿಲ್ಲ. ಭಾವ ರಾತ್ರಿಯಲ್ಲೇ ಬ್ಯಾಟರಿ ಹಿಡಿದು ಬೆಟ್ಟಕ್ಕೆ ಹೋದರು. ದರಕು ಕೆದಕಿ ಒಣಗಿದ ಒಂದು ಹಣ್ಣು ತಂದರು. ಒಡೆದರೆ ಒಳಗೆ ಅಂಗಿಯ ಗುಂಡಿಯಂಥ ಬೀಜ. ವೈದ್ಯರು ನೋಡಿದ ಕೂಡಲೇ ಹೇಳಿದರು.

ಅಪ್ಪಯ್ಯ ಬದುಕಿದರು. ಆದರೆ ಆ ಸೆಳೆತದಲ್ಲಿ ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು. ಮಂಡಿನೋವಿದ್ದಾಗ ತೋಟ ಸುತ್ತುತ್ತಿದ್ದವರು ಈಗ ಕೋಲು ಹಿಡಿದು ಜಗಲಿವರೆಗೆ ಬರುತ್ತಾರೆ.

ಇದು ನಮ್ಮ ಮನೆಯಲ್ಲಿ ಮಾತ್ರ ಕಂಡ ವಿಚಿತ್ರವಲ್ಲ. ಕಾಸರಕದ ಮೇಲಿನ ಬಂದಳಿಕೆಯಲ್ಲಿ ಆ ಮರದ ವಿಷವೇ ಇರುತ್ತದೆ ಅನ್ನುವುದು ಒಡಿಶಾ ಕಡೆಯಿಂದ 19ನೇ ಶತಮಾನದಲ್ಲೇ ದಾಖಲಾಗಿದೆ. ಕಣಗಿಲೆ ಮೇಲೆ ಬೆಳೆದದ್ದಕ್ಕೆ ಕಣಗಿಲೆಯ ಹೃದಯದ ವಿಷ ಬರುತ್ತದೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆ ದಿನ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುತ್ತಾರಲ್ಲ, ಅಲ್ಲೂ ಬೆಳಕು ಹರಿಯುವ ಮೊದಲು ಕತ್ತಲಲ್ಲಿ ಹೋಗಿ ಕಾಸರಕದ ಕೆತ್ತೆ ತಂದು ಅನಾಹುತ ಮಾಡಿಕೊಂಡ ಸುದ್ದಿಗಳನ್ನು ನೀವೂ ಓದಿರುತ್ತೀರಿ. ತಿಳಿದವರು ಹಿಂದಿನ ದಿನ ಹಗಲಲ್ಲೇ ಮರ ಗುರುತು ಮಾಡಿ ಬರುತ್ತಾರೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. "ಬಂದಳಿಕೆ ಮಂಡಿನೋವಿಗೆ ಒಳ್ಳೆಯದಾ" ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಹಲಸಿನ ಬಂದಳಿಕೆ, ನೇರಳೆ ಬಂದಳಿಕೆ, ಹುಣಸೆ ಬಂದಳಿಕೆ ಅಂತ ಹಿರಿಯರು ಯಾವಾಗಲೂ ಮರದ ಹೆಸರು ಸೇರಿಸಿಯೇ ಹೇಳುತ್ತಿದ್ದರು. ನಾವು ಮೊಬೈಲಿನಲ್ಲಿ ಓದುವಾಗ ಆ ಮೊದಲ ಅರ್ಧ ಉದುರಿಹೋಗಿದೆ. ಇನ್ನೊಂದು ವಿಷಯ. ಯೂರೋಪಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕೊಡುತ್ತಾರೆ ಅಂತ ವಿಡಿಯೋಗಳಲ್ಲಿ ಬರುವ ಮಿಸಲ್‌ಟೋ, ಅಂದರೆ ಅಲ್ಲಿನ ಬಂದಳಿಕೆ, ಬೇರೆಯೇ ಗಿಡ. ನಮ್ಮ ಮಾವು, ಹಲಸಿನ ಮೇಲಿನದ್ದಕ್ಕೆ ಅದರ ಗುಣ ಹಚ್ಚಬೇಡಿ.

ಹಾಗಂತ ಹಳ್ಳಿ ಮದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆ ಘಟನೆಯಾದ ಮೇಲೆ ಊರಿನವರು ಅಜ್ಜನನ್ನು ಬೈದದ್ದು ನನಗೆ ಇವತ್ತಿಗೂ ಸಂಕಟ. ಅವರದ್ದು ಏನೂ ತಪ್ಪಿರಲಿಲ್ಲ. ಅವರು ಬಂದಳಿಕೆಯ ತೊಗಟೆ ಅರೆದು ಉಳುಕಿಗೆ, ಮೂಳೆ ಕೂಡಿಸಿ ಕಟ್ಟುವಾಗ ಲೇಪ ಹಾಕುತ್ತಿದ್ದರು. ಕುಡಿಯಲು ಕೊಡುವುದು ತೀರಾ ಕಡಿಮೆ, ಕೊಟ್ಟರೂ ತಾವೇ ಕೊಯ್ದು ತಂದದ್ದು. ಆಮೇಲೆ ನಾನು ಅವರ ಹಿಂದೆ ಬೆಟ್ಟ ಸುತ್ತಿದ್ದೇನೆ. ಮೊದಲು ಮರದ ಬುಡಕ್ಕೆ ಹೋಗಿ, ದರಕು ಸರಿಸಿ ಬಿದ್ದ ಎಲೆ, ಕಾಯಿ ನೋಡುತ್ತಾರೆ. ತೊಗಟೆ ಸ್ವಲ್ಪ ಕೆತ್ತಿ ಮೂಸುತ್ತಾರೆ. ಕೊನೆಗೆ ತಲೆ ಎತ್ತುತ್ತಾರೆ.

ಮನೆಯೊಳಗೆ ತರಬಾರದಾ ಅಂದಿರಲ್ಲ, ನಮ್ಮಲ್ಲಿ ತದ್ವಿರುದ್ಧ. ಇಂಥ ನಕ್ಷತ್ರದ ದಿನ ಇಂಥ ಮರದ ಬದನಿಕೆ ತಂದು ಕಣಜದಲ್ಲಿಟ್ಟರೆ ಭತ್ತ ಬರಿದಾಗುವುದಿಲ್ಲ ಅಂತ ಅಮ್ಮಮ್ಮ ಹೇಳುತ್ತಿದ್ದರು. ಬದನಿಕೆ, ಬಂದಳಿಕೆ ಎರಡೂ ಒಂದೇ. ಇಲ್ಲೂ ನೋಡಿ, ಮರದ ಹೆಸರಿಲ್ಲದೆ ಶಾಸ್ತ್ರವೂ ಇಲ್ಲ. ಪರಾವಲಂಬಿ ಅಂದರೆ ಅಶುಭ ಅನ್ನುವವರು ದೇವರ ಕೋಣೆಯ ಗಂಧದ ಕೊರಡನ್ನು ಎಲ್ಲಿಡುತ್ತಾರೆ? ಶ್ರೀಗಂಧವೂ ಪರಾವಲಂಬಿಯೇ. ಮಣ್ಣಿನೊಳಗೆ ಪಕ್ಕದ ಗಿಡಗಳ ಬೇರಿಗೆ ಬೇರು ಅಂಟಿಸಿ ಹೀರುತ್ತದೆ. 1871ರಲ್ಲೇ ಇದು ಪತ್ತೆಯಾಗಿದೆ. ಇವತ್ತು ಗಂಧ ನೆಡುವ ರೈತರು ಪಕ್ಕದಲ್ಲಿ ತೊಗರಿ ಹಾಕುವುದು ಅದಕ್ಕೇ. ಸಾಗರ, ಸೊರಬದ ಗುಡಿಗಾರರ ಕೈಯಲ್ಲಿ ದೇವರಾಗಿ ಅರಳುವುದು ಇದೇ ಮರ. ಆದ್ದರಿಂದ ಆ ಭಯ ಬಿಡಿ.

ಭಯ ಪಡಬೇಕಾದದ್ದು ನಿಮ್ಮ ಮರಗಳ ಬಗ್ಗೆ. "ಬೇಕಾದಷ್ಟಿದೆ" ಅಂತ ಬರೆದಿದ್ದೀರಿ. ಅದು ಒಳ್ಳೆಯ ಸುದ್ದಿ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿ ಮರದ ಮೇಲಿನ ಬಂದಳಿಕೆಗೆ ಉಪ್ಪಿಲು ಅನ್ನುತ್ತಾರೆ. ಉಪ್ಪಿಲು ಹತ್ತಿದ ಮರ ಸೊರಗುತ್ತದೆ, ಕಾಯಿ ಇಳಿಯುತ್ತದೆ. ಹಿಂದೆ ಅವರು ಬೇಸಿಗೆಯ ಮೊದಲಲ್ಲಿ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಹೊಗೆ, ಕಾವಿಗೆ ಉಪ್ಪಿಲು ಒಣಗುತ್ತಿತ್ತು ಅನ್ನುವುದು ಅವರ ಅನುಭವ. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಬೆಂಕಿ ನಿಂತಿತು, ಉಪ್ಪಿಲು ಹೆಚ್ಚಿತು ಅಂತ ಹಿರಿಯ ಸೋಲಿಗರು ಹೇಳುತ್ತಾರೆ. ಸಂಶೋಧಕರು ಈ ಮಾತನ್ನು ಗಂಭೀರವಾಗಿ ತಗೊಂಡು ಅಧ್ಯಯನವನ್ನೂ ಮಾಡಿದ್ದಾರೆ. ಮರದ ಜೊತೆ ಬದುಕಿದವರ ಕಣ್ಣು ಎಷ್ಟು ಸೂಕ್ಷ್ಮ ನೋಡಿ. ನೀವು ತೋಟದಲ್ಲಿ ಬೆಂಕಿ ಹಾಕಲು ಹೋಗಬೇಡಿ. ಬಂದಳಿಕೆ ಹಿಡಿದ ಕೊಂಬೆಯನ್ನು ಅದು ಅಂಟಿದ ಜಾಗದಿಂದ ಸ್ವಲ್ಪ ಹಿಂದಕ್ಕೆ, ಹಣ್ಣಾಗುವ ಮೊದಲೇ ಕಡಿಯಿರಿ. ಬರೀ ಎಲೆ ತರಿದರೆ ಮತ್ತೆ ಚಿಗುರುತ್ತದೆ. ಹಣ್ಣಾದರೆ ಪುಟ್ಟ ಬದನಿಕೆ ಹಕ್ಕಿ ತಿಂದು, ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ. ಮಾವು, ಹಲಸಿನ ಮೇಲಿನದ್ದಾದರೆ ಕಡಿದ ಸೊಪ್ಪನ್ನು ದನಕ್ಕೆ ಹಾಕಬಹುದು. ಬೇಸಿಗೆಯಲ್ಲಿ ಹಸಿರು ಹುಲ್ಲಿಲ್ಲದಾಗ ನಮ್ಮ ಕೊಟ್ಟಿಗೆಗೂ ಬರುತ್ತಿತ್ತು.

ಈಗ ನಿಮ್ಮ ಅಪ್ಪನ ವಿಷಯ. ಈಗಾಗಲೇ ಕಷಾಯ ಶುರು ಮಾಡಿದ್ದರೆ ಇವತ್ತೇ ನಿಲ್ಲಿಸಿ. ದವಡೆ, ಕುತ್ತಿಗೆ ಬಿಗಿದರೆ, ಸದ್ದಿಗೆ ಬೆಚ್ಚಿ ಮೈ ಸೆಟೆದರೆ ಬಾಯಿಗೆ ಏನೂ ಹಾಕಬೇಡಿ, ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಹೋಗಿ. ಹೋಗುವಾಗ ಬಂದಳಿಕೆಯ ಜೊತೆ ಅದು ಇದ್ದ ಮರದ ಎಲೆ ಅಥವಾ ಕಾಯಿಯನ್ನೂ ಒಯ್ಯಿರಿ. ಹಾಗೇನೂ ಆಗಿಲ್ಲದಿದ್ದರೆ ಮಂಡಿಯನ್ನು ಮೂಳೆ ವೈದ್ಯರಿಗೆ ತೋರಿಸಿ. ಮಾತ್ರೆಯಿಂದ ಹೊಟ್ಟೆ ಉರಿಯುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಬದಲಾಯಿಸಿ ಕೊಡುತ್ತಾರೆ. ನಮ್ಮ ಅಪ್ಪಯ್ಯ ಹೇಳಿರಲೇ ಇಲ್ಲ. ಹಳ್ಳಿ ಮದ್ದೇ ಬೇಕು ಅಂತ ಅಪ್ಪ ಹಟ ಹಿಡಿದರೆ ಕುಡಿಯುವುದು ಬೇಡ, ಗೊತ್ತಿರುವ ಹಿರಿಯರಿಂದ ಲೇಪ ಹಾಕಿಸಿ, ಅದೂ ಚರ್ಮ ಒಡೆದಿರದ ಜಾಗಕ್ಕೆ ಮಾತ್ರ. ಕೊಯ್ಯಲು ಅವರನ್ನೇ ಮರದ ಹತ್ತಿರ ಕರೆದುಕೊಂಡು ಹೋಗಿ. ನಡೆಯಲು ಆಗದವರಾದರೆ ಬುಡದಲ್ಲಿ ಬಿದ್ದ ಎಲೆ, ಕಾಯಿ, ಒಂದು ಚೂರು ತೊಗಟೆ ತಂದು ಅವರ ಮುಂದಿಡಿ. ಮರದ ಹೆಸರು ಅವರ ಬಾಯಿಂದ ಬರದಿದ್ದರೆ ಆ ಸೊಪ್ಪು ಗುಂಡಿಗೆ ಹೋಗಲಿ.