ಆಫೀಸಿನ ಹಬ್ಬದ ರಜೆಗಳನ್ನು ಕೈ ಎತ್ತಿಸಿ ಆರಿಸಬಹುದಾ?

18 ಜನರ ಆಫೀಸು, ಆರಿಸಬೇಕಾದ ರಜೆ ನಾಲ್ಕು, ಬಹುಮತಕ್ಕೆ ಬಿಟ್ಟರೆ ಯಾರಿಗೂ ಬೇಜಾರಾಗಲ್ಲ ಅಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಮಾಡಿದ್ದೇನೆ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದೆ, ಅಲ್ಲಿನ ಕ್ಯಾಂಪ್ ಬಡಾವಣೆಯಲ್ಲಿ ಲೆಕ್ಕಪತ್ರ ನೋಡುವ ಒಂದು ಆಫೀಸಿನ ಆಡಳಿತಕ್ಕೆ ಸೇರಿದೆ. 22 ಜನ ಇದ್ದೆವು. ನಿಮಗೆ ಗೊತ್ತಿರಬಹುದು, ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 8 ಹಬ್ಬದ ರಜೆ, ಸಂಬಳ ಸಮೇತ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಕಾಯಂ. ಉಳಿದ ನಾಲ್ಕನ್ನು ಮಾಲೀಕರೂ ಕೆಲಸಗಾರರೂ ವರ್ಷ ಶುರುವಾಗುವ ಮೊದಲೇ ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳಬೇಕು ಅನ್ನುವುದನ್ನು ನಾನು ಬಹುಮತ ಅಂತ ಓದಿಕೊಂಡೆ.

ಡಿಸೆಂಬರ್‌ನ ಒಂದು ಶನಿವಾರ ಎಲ್ಲರನ್ನೂ ಕೂರಿಸಿ ಒಂದೊಂದೇ ಹಬ್ಬದ ಹೆಸರು ಓದಿದೆ. ಗಣೇಶ ಚತುರ್ಥಿ, ಅನಂತ ಚತುರ್ದಶಿ, ದಸರಾ, ಲಕ್ಷ್ಮೀಪೂಜೆ, ಎಲ್ಲದಕ್ಕೂ ಕೈಗಳೇ ಕೈಗಳು. ರಂಜಾನ್ ಈದ್ ಅಂದಾಗ ಮೂರು. ಕ್ರಿಸ್‌ಮಸ್‌ಗೆ ಒಂದು. ಪಾರ್ಸಿ ಹೊಸ ವರ್ಷಕ್ಕೆ ಒಂದು. ಗೆದ್ದ ನಾಲ್ಕನ್ನು ಬೋರ್ಡಿಗೆ ಅಂಟಿಸಿ, ಉಳಿದವರು ಕ್ಯಾಶುವಲ್ ಲೀವ್ ಹಾಕಿಕೊಳ್ಳಿ ಅಂದೆ. ಅದಿರುವುದೂ ವರ್ಷಕ್ಕೆ 8 ದಿನ. ಈದ್‌ಗೊಂದು, ಬಕ್ರೀದ್‌ಗೊಂದು ಹೋದರೆ ಮಗುವಿಗೆ ಜ್ವರ ಬಂದಾಗ ಉಳಿಯುವುದೆಷ್ಟು? ಆ ಲೆಕ್ಕ ನಾನು ಹಾಕಲಿಲ್ಲ.

ಮುಂದಿನ ಡಿಸೆಂಬರ್‌ನಲ್ಲಿ ಈದ್ ಅಂದಾಗ ಒಂದು ಕೈಯೂ ಏಳಲಿಲ್ಲ. ಕ್ರಿಸ್‌ಮಸ್‌ಗೂ ಇಲ್ಲ. ರಿಜಿಸ್ಟರಿನಲ್ಲಿ 'ಸರ್ವಾನುಮತ' ಅಂತ ಬರೆದೆ. ಖುಷಿಯಿಂದಲೇ ಬರೆದೆ.

ನನ್ನ ತಪ್ಪು ಅಲ್ಲೇ ಇತ್ತು. ಎಣಿಕೆ ಸರಿಯಾಗೇ ಇತ್ತು. ಆದರೆ 22ರಲ್ಲಿ 3 ಯಾವತ್ತೂ ಗೆಲ್ಲುವುದಿಲ್ಲ ಅಂತ ಎಣಿಸುವ ಮೊದಲೇ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೈ ಎತ್ತು ಅಂದರೆ, ನೀನು ಬೇರೆ ಅಂತ ಎಲ್ಲರ ಮುಂದೆ ನೀನೇ ತೋರಿಸು ಅಂದ ಹಾಗೆ. ಒಂದು ವರ್ಷ ತೋರಿಸುತ್ತಾರೆ. ಮತ್ತೆ ಯಾಕೆ ತೋರಿಸಬೇಕು? ಇದು ನನಗೆ ಹೊಳೆಯಬೇಕಿತ್ತು. ಯಾಕಂದ್ರೆ ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಅಳ್ಳು, ಉಂಡಿ, ಜೋಕಾಲಿ. ಪ್ರತಿ ಶ್ರಾವಣದಲ್ಲೂ 'ಊರಲ್ಲಿ ಸ್ವಲ್ಪ ಕೆಲಸವಿದೆ' ಅಂತ ಬರೆದು ರಜೆ ಹಾಕಿ ಹೋಗುತ್ತಿದ್ದೆ. ನಾನು ಓದಿದ ಪಟ್ಟಿಯಲ್ಲಿ ಪಂಚಮಿ ಇರಲಿಲ್ಲ, ಬೇಕೆಂದೇ ಬಿಟ್ಟಿದ್ದೆ. ಒಂಟಿ ಕೈ ಎತ್ತುವ ಮುಜುಗರ ನನಗೆ ಬೇಡವಾಗಿತ್ತು. ಅವರಿಂದ ಮಾತ್ರ ಎತ್ತಿಸಿದೆ.

ಪಟ್ಟಿಯಿಂದ ಹೊರಬಿದ್ದ ಹಬ್ಬಕ್ಕೆ ಲೀವ್ ಫಾರ್ಮ್ ಬೇಕು, ಫಾರ್ಮ್‌ಗೆ ತಾರೀಕು ಬೇಕು. ಈದ್ ಇಂಥ ದಿನವೇ ಅಂತ ಮೊದಲೇ ಹೇಳೋಕಾಗಲ್ಲ. ರಂಜಾನ್ ತಿಂಗಳ 29ನೇ ದಿನದ ಸಂಜೆ ಚಂದ್ರ ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ 30 ತುಂಬಿಸಿ ಆಮೇಲೆ. ನಮ್ಮ ಹಿರಿಯ ಅಕೌಂಟೆಂಟ್ ಒಬ್ಬರಿದ್ದರು, ಎಲ್ಲರಿಗೂ ಚಾಚಾ. ಬುಧವಾರಕ್ಕೆ ರಜೆ ಬರೆದುಕೊಟ್ಟಿದ್ದರು. ಮಂಗಳವಾರ ರಾತ್ರಿ ಫೋನ್ ಬಂತು. "ಬೇಟಾ, ಚಾಂದ್ ಕಾಣಲಿಲ್ಲ. ನಾಳೆ ಬರ್ತೀನಿ, ರಜೆ ಗುರುವಾರಕ್ಕೆ ಮಾಡು." ಗುರುವಾರ ದೊಡ್ಡ ಗಿರಾಕಿಯ ಮೀಟಿಂಗ್ ಇತ್ತು. "ನಮಾಜ್ ಮುಗಿಸಿ ಬಂದುಬಿಡಿ ಚಾಚಾ" ಅಂದೆ.

ಬಂದರು. 11 ಗಂಟೆಗೆ, ಹೊಸ ಬಿಳಿ ಕುರ್ತಾದಲ್ಲಿ. ಅತ್ತರಿನ ವಾಸನೆ ಇನ್ನೂ ಇತ್ತು. ನಮಗೆಲ್ಲ ಸ್ಟೀಲ್ ಡಬ್ಬಿಯಲ್ಲಿ ಶೀರ್ ಖುರ್ಮಾ, ಅಂದರೆ ಈದ್‌ನ ಶಾವಿಗೆ ಪಾಯಸ, ತಂದಿದ್ದರು. ನಾವು ತಿಂದೆವು, ಅವರು ಲೆಡ್ಜರ್ ತೆರೆದು ಕೂತರು.

ಎರಡು ತಿಂಗಳಲ್ಲಿ ಕೆಲಸ ಬಿಟ್ಟರು. ಕೊನೆಯ ದಿನ ಯಾಕೆ ಅಂತ ಕೇಳಿದೆ. "ಮೊದಲನೇ ವರ್ಷ ಕೈ ಎತ್ತಿದ್ದೆನಲ್ಲ ಬೇಟಾ, ಎಲ್ಲರೂ ತಿರುಗಿ ನೋಡಿದ್ರು" ಅಂದರು, ಅಷ್ಟೇ. ಆ ಈದ್ ದಿನದ ಮಾತೇ ಎತ್ತಲಿಲ್ಲ. ಜನ ತಿರುಗಿ ನೋಡಿದ್ದು ನನಗೆ ನೆನಪೂ ಇರಲಿಲ್ಲ.

ಈಗ ನಮ್ಮಲ್ಲಿ ಎಲ್ಲರಿಗೂ ಒಂದೇ ಅಂತಿರುವುದು ಎರಡು ದಿನ. ಒಂದು ಲಕ್ಷ್ಮೀಪೂಜೆ. ಇನ್ನೊಂದು ಅನಂತ ಚತುರ್ದಶಿ, ಗಣಪತಿ ಬಿಡುವ ದಿನ. ಕಸಬಾ ಗಣಪತಿ ಮುಂದಾಗಿ ಹೊರಟ ಪುಣೆಯ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ, ಲಕ್ಷ್ಮೀ ರಸ್ತೆ ದಾಟೋದೇ ಕಷ್ಟ, ಆಫೀಸು ತೆಗೆದೂ ಪ್ರಯೋಜನವಿಲ್ಲ. ಉಳಿದ ಎರಡು ಅವರವರ ಆಯ್ಕೆ. ಚಂದ್ರನನ್ನು ನೋಡಿ ಮಾಡುವ ಹಬ್ಬಕ್ಕೆ ತಾರೀಕು ಕೇಳುವುದಿಲ್ಲ, ಹಬ್ಬದ ಹೆಸರು ಬರೆದರೆ ಸಾಕು, ಹಿಂದಿನ ರಾತ್ರಿ ಒಂದು ಮೆಸೇಜ್ ಹಾಕಿದರೆ ಆಯ್ತು. ನಮ್ಮ ಗೋವಾದ ಹುಡುಗಿ ಕ್ರಿಸ್‌ಮಸ್ ಜೊತೆ ಗುಡ್ ಫ್ರೈಡೆ ಆರಿಸಿಕೊಂಡಳು. (ಆ ದಿನ ಗ್ರೂಪಿನಲ್ಲಿ 'ಹ್ಯಾಪಿ' ಅಂತ ಹಾಕಬೇಡಿ. ಏಸುವನ್ನು ಶಿಲುಬೆಗೇರಿಸಿದ ದಿನ ಅದು.) ನಾನು ಪಂಚಮಿ ಅಂತಲೇ ಬರೆಯುತ್ತೇನೆ.

ಇಷ್ಟೊಂದು ಹೊಂದಿಸೋದು ಕಷ್ಟ ಅನ್ನಿಸಬಹುದು. 2023ರಲ್ಲಿ ಅನಂತ ಚತುರ್ದಶಿ, ಈದ್-ಎ-ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದವು. ಮುಂಬೈಯ ಮುಸ್ಲಿಂ ಮುಖಂಡರು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಹಾಕಿಕೊಂಡರು. ಸರಕಾರ 29ಕ್ಕೆ ರಜೆ ಕೊಟ್ಟಿತು. ಅಷ್ಟು ದೊಡ್ಡ ಊರಿನಲ್ಲಿ ತಲೆ ಎಣಿಸದೆ ಇದು ಆಯಿತು. ನಿಮ್ಮದು 18 ಜನರ ಆಫೀಸು.

ಯಾರಿಗೂ ಬೇಜಾರಾಗಬಾರದು ಅಂದಿರಲ್ಲ, ಬೇಜಾರಾದವರು ನಿಮಗೆ ಹೇಳುವುದಿಲ್ಲ. ಹಾಗಾಗಿ ಈ ಡಿಸೆಂಬರ್ ಮುಗಿಯುವುದರೊಳಗೆ ಒಬ್ಬೊಬ್ಬರನ್ನೇ ಕೇಳಿ. ಚಹಾ ಕುಡಿಯುವಾಗ ಕೇಳಿ, ಮೀಟಿಂಗ್‌ನಲ್ಲಿ ಬೇಡ. ಮೊದಲು ನಿಮಗೆ ಯಾವ ಹಬ್ಬ ಬೇಕು ಅಂತ ಹೇಳಿ, ಆಮೇಲೆ ಅವರದನ್ನು ಕೇಳಿ.